ಗಡಿ ಕಾಯುವವರು, ಗಡಿಯಲ್ಲಿ ಬದುಕುವವರು

(ವಸ್ತಾರೆಯಲ್ಲಿ ಸೇರಿದ್ದ ವಿದ್ಯಾರ್ಥಿಗಳು ಮತ್ತು ಹಾಸ್ಟೆಲ್ ಯುವಜನರ ಮುಂದೆ ಆಡಿದ ಮಾತು)



ಗಡಿ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಶಾಲೆಯ ಗೋಡೆಗೆ ತೂಗುಹಾಕಿದ ನಕಾಶೆ. ಅದರ ಅಂಚಿನಲ್ಲಿ ದಪ್ಪ ಗೆರೆ. ಆ ಗೆರೆಯ ಮೇಲೆ ಬಂದೂಕು ಹಿಡಿದು ನಿಂತ ಯೋಧ. ಗೆರೆಯ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡು, ಗದ್ದೆ ಉತ್ತು, ದನ ಮೇಯಿಸಿ ಬದುಕುವ ಜನ ಯಾವ ನಕಾಶೆಯಲ್ಲೂ ಇರುವುದಿಲ್ಲ. ಇವತ್ತು ನಾವು ಮಾತಾಡಬೇಕು ಅಂತ ಬಂದಿರುವುದು ಆ ಜನರ ಬಗ್ಗೆ.

ವಸ್ತಾರೆಗೂ ಗಡಿಗೂ ಏನ್ರೀ ಸಂಬಂಧ ಅಂತ ನೀವು ಕೇಳಬಹುದು. ಇಲ್ಲಿಂದ ಪಾಕಿಸ್ತಾನವೂ ದೂರ, ಬಾಂಗ್ಲಾದೇಶವೂ ದೂರ. ನಿಜ. ಆದರೆ ಗಡಿ ಒಂದೇ ಬಗೆಯದಲ್ಲ. ದೇಶಕ್ಕೊಂದು ಗಡಿ, ರಾಜ್ಯಕ್ಕೊಂದು ಗಡಿ, ಕಾಡಿಗೊಂದು ಗಡಿ, ಸಾಹುಕಾರರ ತೋಟಕ್ಕೊಂದು ಬೇಲಿ. ಊರಿಗೂ ಕೇರಿಗೂ ನಡುವೆ ಮತ್ತೊಂದು. ಈ ಕಡೆಯದನ್ನು ನಮ್ಮ ತಾತ, ಮುತ್ತಾತಂದಿರು ಹುಟ್ಟಿದ ದಿನದಿಂದ ಕಂಡವರು. ಅದಕ್ಕೆ ತಂತಿಬೇಲಿ ಬೇಕಿರಲಿಲ್ಲ, ಬಂದೂಕೂ ಬೇಕಿರಲಿಲ್ಲ. ದಾಟಿದರೆ ಏನಾಗುತ್ತದೆ ಅನ್ನುವುದು ಎರಡೂ ಕಡೆಯವರಿಗೆ ಗೊತ್ತಿತ್ತು, ಕೇಳುವವರು ಯಾರೂ ಇಲ್ಲ ಅನ್ನುವುದೂ ಗೊತ್ತಿತ್ತು. ಆದ್ದರಿಂದ ಗಡಿಯಲ್ಲಿ ಬದುಕುವವರ ಕಷ್ಟ ನಮಗೆ ಯಾರೂ ಪಾಠ ಮಾಡಿ ಹೇಳಬೇಕಾಗಿಲ್ಲ. ಇವತ್ತು ನಾವು ತಿಳಿಯಬೇಕಾದ್ದು, ಸರ್ಕಾರ ತಾನೇ ಬಂದೂಕು ಕೊಟ್ಟು ಗೆರೆ ಕಾಯಲು ನಿಲ್ಲಿಸಿದಾಗ ಏನಾಗುತ್ತದೆ, ಆಗ ಲೆಕ್ಕ ಕೇಳುವುದು ಹೇಗೆ ಅನ್ನುವುದನ್ನು.

ಮೊದಲು ದೇಶದ ಗಡಿ. 2011ರ ಜನವರಿ 7ರಂದು ಪಶ್ಚಿಮ ಬಂಗಾಳದ ಕೂಚ್ ಬಿಹಾರ ಜಿಲ್ಲೆಯ ಅಂಚಿನಲ್ಲಿ ಫೆಲಾನಿ ಖಾತೂನ್ ಎಂಬ 15 ವರ್ಷದ ಬಾಂಗ್ಲಾದೇಶದ ಹುಡುಗಿ ಅಪ್ಪನ ಜೊತೆ ಬೇಲಿ ಹತ್ತಿ ತನ್ನ ಊರಿಗೆ ವಾಪಸು ಹೋಗುತ್ತಿದ್ದಳು. ಬಟ್ಟೆ ಮುಳ್ಳುತಂತಿಗೆ ಸಿಕ್ಕಿಕೊಂಡಿತು. ಹೆದರಿ ಕೂಗಿದಳು. ಗಡಿ ಭದ್ರತಾ ಪಡೆಯ ಕಾವಲಿನವರು ಗುಂಡು ಹಾರಿಸಿದರು. ಆ ಮಗುವಿನ ಹೆಣ ಗಂಟೆಗಟ್ಟಲೆ ತಂತಿಯ ಮೇಲೆಯೇ ನೇತಾಡಿತು. ಕೈಯಲ್ಲಿ ಕಲ್ಲೂ ಇಲ್ಲದ ಹುಡುಗಿ ಅವಳು. ಗುಂಡು ಹಾರಿಸಿದವನ ವಿಚಾರಣೆ ಎಲ್ಲಿ ನಡೆಯಿತು ಗೊತ್ತಾ? ಆ ಪಡೆಯದೇ ನ್ಯಾಯಾಲಯದಲ್ಲಿ. 2013ರಲ್ಲಿ ಖುಲಾಸೆ. ಗಲಾಟೆಯಾದ ಮೇಲೆ ಮರುವಿಚಾರಣೆ ಮಾಡಿದರು. 2015ರಲ್ಲಿ ಮತ್ತೆ ಖುಲಾಸೆ.

ಇದು ಬೇರೆ ದೇಶದವರ ಪಾಡು ಅಂತ ಅಂದುಕೊಳ್ಳಬೇಡಿ. ಆ ಗಡಿಯಲ್ಲಿ ನಡೆದ ಹೊಡೆತ, ಹಿಂಸೆ, ಗುಂಡೇಟುಗಳನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2010ರಲ್ಲಿ ಒಂದು ವರದಿಯಾಗಿ ಹೊರತಂದಿತು. ಅದರಲ್ಲಿ ನಮ್ಮ ದೇಶದ ಬಡ ರೈತರೂ ಇದ್ದಾರೆ, ಕೂಲಿಯವರೂ ಇದ್ದಾರೆ. ಬೇಲಿಯ ಹತ್ತಿರ ಹೊಲ ಇದ್ದದ್ದೇ ಅವರ ತಪ್ಪು. ಗಡಿ ಒಳಗೊಳಗೇ ಬೆಳೆಯುತ್ತದೆ ಕೂಡ. 2021ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಪಂಜಾಬ್, ಪಶ್ಚಿಮ ಬಂಗಾಳ, ಅಸ್ಸಾಂ ರಾಜ್ಯಗಳಲ್ಲಿ ಆ ಪಡೆಯ ಅಧಿಕಾರದ ವ್ಯಾಪ್ತಿಯನ್ನು 15 ಕಿಲೋಮೀಟರಿನಿಂದ 50 ಕಿಲೋಮೀಟರಿಗೆ ಏರಿಸಿತು. ರಾತ್ರಿ ಮಲಗಿದಾಗ ಗಡಿಯಿಂದ ದೂರ ಇದ್ದವನು ಬೆಳಿಗ್ಗೆ ಏಳುವಾಗ ಗಡಿಯವನಾಗಿದ್ದ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಕರ್ನಾಟಕ–ತಮಿಳುನಾಡು ಗಡಿಯ ಮಲೆ ಮಹದೇಶ್ವರ ಬೆಟ್ಟ, ಗೋಪಿನಾಥಂ, ಪಾಲಾರ್ ಸುತ್ತಿನ ಕಾಡು. ಆಗ ಅದು ಮೈಸೂರು ಜಿಲ್ಲೆ, ಈಗ ಚಾಮರಾಜನಗರ. ವೀರಪ್ಪನ್ ಮಾಡಿದ ಕೊಲೆಗಳನ್ನು ನಾವು ಯಾರೂ ಸಮರ್ಥಿಸುವುದಿಲ್ಲ. 1991ರ ನವೆಂಬರಿನಲ್ಲಿ ಅವನು ಕೊಂದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಂನ ಜನರ ನಡುವೆಯೇ ಇದ್ದು, ಅವರ ಮನೆ, ಔಷಧಿ, ನೀರಿನ ಕಷ್ಟ ನೋಡಿಕೊಂಡಿದ್ದ ಮನುಷ್ಯ. ಬಡವರ ಮೇಲೆ ಕೈ ಮಾಡದೆಯೂ ಕಾಡು ಕಾಯಬಹುದು ಅಂತ ತೋರಿಸಿದ್ದವರು. ಅವರನ್ನೇ ಕೊಂದ. 1993ರ ಏಪ್ರಿಲ್ 9ರಂದು ಪಾಲಾರಿನ ಹತ್ತಿರ ನೆಲಬಾಂಬು ಸಿಡಿಸಿ 22 ಜನರನ್ನು ಕೊಂದ.

ಅದಾದ ಮೇಲೆ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ಆ ಹಳ್ಳಿಗಳ ಮೇಲೆ ಇಳಿದವು. ಕಳ್ಳ ಸಿಗಲಿಲ್ಲ. ಸಿಕ್ಕಿದವರು ಯಾರು? ಕಾಡಂಚಿನಲ್ಲಿದ್ದ ಸೋಲಿಗರು, ಕೂಲಿಯವರು, ತುಂಡು ಜಮೀನಿನವರು, ಹೆಂಗಸರು. ವೀರಪ್ಪನ್ ಬಂದು ಅಕ್ಕಿ ಕೊಡು ಅಂದರೆ ಕೊಡಬೇಕು, ಕೊಡದಿದ್ದರೆ ಅವನ ಗುಂಡು. ಕೊಟ್ಟರೆ ಪೊಲೀಸರ ಲಾಠಿ. ಪೊಲೀಸರ ಜೊತೆ ಮಾತಾಡಿದರೆ ಮಾಹಿತಿದಾರ ಅಂತ ಮತ್ತೆ ಇವನ ಗುಂಡು. ಹಿಡಿದವರನ್ನು ಬೆಟ್ಟದ ಕ್ಯಾಂಪಿಗೆ ಒಯ್ಯುತ್ತಿದ್ದರು. ಅಲ್ಲಿ ಹಿಂಸೆ ಕೊಡುವ ಜಾಗಕ್ಕೆ ಒಂದು ಹೆಸರಿತ್ತು. ವರ್ಕ್‌ಶಾಪ್! ಮನುಷ್ಯರ ಕೈಕಾಲು ಮುರಿಯುವ ಜಾಗಕ್ಕೆ ಗಾಡಿ ರಿಪೇರಿ ಮಾಡುವ ಜಾಗದ ಹೆಸರು.

ನೂರಕ್ಕೂ ಹೆಚ್ಚು ಜನರನ್ನು ಟಾಡಾ ಕಾಯ್ದೆಯ ಕೆಳಗೆ ಮೈಸೂರು ಜೈಲಿಗೆ ಹಾಕಿದರು. ಟಾಡಾ ಏನು ಅಂತ ನೀವು ತಿಳಿದುಕೊಳ್ಳಬೇಕು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ಸಾಕ್ಷ್ಯ ಆಗುವುದಿಲ್ಲ. ಯಾಕಂದ್ರೆ ಹೊಡೆದು ಒಪ್ಪಿಸುತ್ತಾರೆ ಅನ್ನುವುದು ಬ್ರಿಟಿಷರಿಗೇ ಗೊತ್ತಿತ್ತು. ಟಾಡಾದಲ್ಲಿ ಪೊಲೀಸ್ ವರಿಷ್ಠಾಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯೇ ಸಾಕ್ಷ್ಯ. ಓದು ಬರಹ ಬಾರದವನ ಹೆಬ್ಬೆಟ್ಟು, ಅವನಿಗೆ ಗೊತ್ತಿಲ್ಲದ ಕಾಗದದ ಮೇಲೆ. ಆ ಕಾಯ್ದೆ 1995ರಲ್ಲಿ ಮುಗಿಯಿತು. ಹಳೆಯ ಕೇಸುಗಳು ಮುಗಿಯಲಿಲ್ಲ.

2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ಎತ್ತಿಕೊಂಡು ಹೋದ. ಇಡೀ ಕನ್ನಡನಾಡು 108 ದಿನ ಒಂದೊಂದಾಗಿ ಎಣಿಸಿತು. ಎಣಿಸಬೇಕಾದ್ದೇ. ಟಾಡಾ ಬಂದಿಗಳನ್ನು ಬಿಡಿ ಅನ್ನುವುದು ಅವನ ಬೇಡಿಕೆಗಳಲ್ಲಿ ಒಂದು. ಏಳು ವರ್ಷದಿಂದ ಯಾರಿಗೂ ಬೇಡವಾಗಿದ್ದ ಆ ಹಳ್ಳಿಗರ ಸುದ್ದಿ ಆಗ ಪೇಪರುಗಳಲ್ಲಿ ಬಂತು. ಕೇಸು ಹಿಂತೆಗೆದುಕೊಳ್ಳಲು ಸರ್ಕಾರ ಒಪ್ಪಿತು, ಸುಪ್ರೀಂ ಕೋರ್ಟು ತಡೆಯಿತು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟು ಅವರಲ್ಲಿ ಹೆಚ್ಚಿನವರನ್ನು ಬಿಡುಗಡೆ ಮಾಡಿತು. ಎಂಟು ವರ್ಷಗಳ ಮೇಲೆ! ಆ ದಿನಗಳನ್ನು ಎಣಿಸಿದವರು ಯಾರು? ಅವರ ಹೆಂಡತಿ ಮಕ್ಕಳು ಮಾತ್ರ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ಜನ ಹೆದರಿಕೆ ಬಿಟ್ಟು ಬಂದು ಸಾಕ್ಷಿ ಹೇಳಿದರು. ಕರೆಂಟು ಕೊಟ್ಟದ್ದು, ಕೈ ಕಟ್ಟಿ ತೂಗುಹಾಕಿದ್ದು, ಹೆಂಗಸರ ಮಾನ ಕಳೆದದ್ದು, ಗಂಡನನ್ನು ಕರೆದುಕೊಂಡು ಹೋದವರು ಮತ್ತೆ ತಂದು ಬಿಡದೇ ಇದ್ದದ್ದು. 2007ರ ಜನವರಿಯಲ್ಲಿ ಆಯೋಗ 89 ಜನರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಇದಕ್ಕೂ ಮುಂಚೆ, 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತಾಗ, ತಮಿಳುನಾಡು ಸರ್ಕಾರ ಕಾರ್ಯಪಡೆಯ 752 ಜನರಿಗೆ ತಲಾ 3 ಲಕ್ಷ ರೂಪಾಯಿ, ಮನೆ ನಿವೇಶನ, ಬಡ್ತಿ ಘೋಷಿಸಿತ್ತು. ಬಹುಮಾನಕ್ಕೆ ಕೆಲವು ದಿನ ಸಾಕಾಯಿತು. ಪರಿಹಾರಕ್ಕೆ ಹದಿಮೂರು ಹದಿನಾಲ್ಕು ವರ್ಷ ಬೇಕಾಯಿತು.

ಇನ್ನು ನಮ್ಮ ಮಲೆನಾಡು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗೆರೆ ನಮ್ಮ ಮೂಡಿಗೆರೆ, ಕಳಸ, ಶೃಂಗೇರಿ ಸೀಮೆಯ ಹಾಡಿಗಳ ಮೇಲೆಯೇ ಹಾದುಹೋಗುತ್ತದೆ. ಮೊದಲ ಅಧಿಸೂಚನೆ 1987, ಅಂತಿಮ ಅಧಿಸೂಚನೆ 2001. ಸುಮಾರು 600 ಚದರ ಕಿಲೋಮೀಟರು. ಅದರೊಳಗೆ ಗೌಡಲು, ಮಲೆಕುಡಿಯ, ಹಸಲ ಕುಟುಂಬಗಳು, ನಮ್ಮ ಜನ, ಸಣ್ಣ ಸಾಗುವಳಿದಾರರು. ಗೆರೆ ಎಳೆದ ಮರುದಿನ ಇವರೆಲ್ಲ ತಮ್ಮ ಮನೆಯಲ್ಲೇ ಒತ್ತುವರಿದಾರರು. ಸೌದೆ ತಂದರೆ ಕೇಸು, ಜೇನು ಕಿತ್ತರೆ ಕೇಸು. ರಸ್ತೆ ಕೇಳಿದರೆ ಇದು ಪಾರ್ಕು, ಕರೆಂಟು ಕೇಳಿದರೆ ಇದು ಪಾರ್ಕು.

ಅದೇ ಬೆಟ್ಟದಲ್ಲಿ ಕಬ್ಬಿಣದ ಅದಿರು ತೆಗೆಯುವ ಸರ್ಕಾರಿ ಕಂಪನಿಗೆ 4,600 ಹೆಕ್ಟೇರಿಗೂ ಹೆಚ್ಚು ಜಾಗ 1969ರಿಂದ 30 ವರ್ಷ ಗುತ್ತಿಗೆಗೆ ಸಿಕ್ಕಿತ್ತು. ಗುತ್ತಿಗೆ 1999ರಲ್ಲಿ ಮುಗಿದ ಮೇಲೂ 2005ರ ಕೊನೆಯವರೆಗೆ ಗುಡ್ಡ ಅಗೆದರು, ಭದ್ರೆಗೆ ಕೆಸರು ಹರಿಸಿದರು. ಸುಪ್ರೀಂ ಕೋರ್ಟು ಹೇಳಿದ ಮೇಲೆ ನಿಂತಿತು. ಕಂಪನಿಗೆ ಗಡಿ ಅಂದರೆ ಫೈಲು. ಹಾಡಿಯವನಿಗೆ ಗಡಿ ಅಂದರೆ ಗಾರ್ಡಿನ ಬೂಟು. ಕಾಫಿ ತೋಟದ ವಿಷಯವೂ ಹೀಗೇ. ಸರ್ಕಾರಿ ಜಮೀನು ಒತ್ತಿ ತೋಟ ಮಾಡಿದವರಿಗೆ 25 ಎಕರೆಯವರೆಗೆ 30 ವರ್ಷ ಗುತ್ತಿಗೆ ಕೊಡಲು ಕಂದಾಯ ಕಾಯ್ದೆಗೇ ತಿದ್ದುಪಡಿ ತಂದರು. ಅದೇ ತೋಟದ ಲೈನ್ ಮನೆಯಲ್ಲಿ ಮೂರು ತಲೆಮಾರು ಕಳೆದವನಿಗೆ ಗುಡಿಸಲು ಹಾಕಲು 30 ಅಡಿ ಅಗಲದ ಜಾಗ ಇಲ್ಲ.

2003ರಿಂದ ಈ ಕಾಡಿಗೆ ಮತ್ತೊಂದು ಬಂದೂಕು ಬಂತು. ನಕ್ಸಲರು ಒಂದು ಕಡೆ, ನಕ್ಸಲ್ ನಿಗ್ರಹ ಪಡೆ ಇನ್ನೊಂದು ಕಡೆ. ಮಹದೇಶ್ವರ ಬೆಟ್ಟದ ಕಥೆಯೇ ಇಲ್ಲೂ ನಡೆಯಿತು. ಮಾಹಿತಿದಾರ ಅಂತ ಹೇಳಿ ನಕ್ಸಲರು ಆದಿವಾಸಿಯನ್ನೇ ಕೊಂದರು. ಅನ್ನ ಹಾಕಿದ ಅಂತ ಹೇಳಿ ಪೊಲೀಸರು ಆದಿವಾಸಿಯನ್ನೇ ಹಿಡಿದರು. 2007ರ ಜುಲೈ 10ರಂದು ಮೆಣಸಿನಹಾಡ್ಯದಲ್ಲಿ ಗುಂಡಿಗೆ ಬಿದ್ದ ಐವರಲ್ಲಿ ಅಲ್ಲಿನ ಗೌಡಲು ಗಂಡ ಹೆಂಡತಿಯೂ ಇದ್ದರು. ಹಾಡಿಯಲ್ಲಿ ಮನೆಬಾಗಿಲಿಗೆ ಕೋವಿ ಹಿಡಿದು ಬಂದವನಿಗೆ ಊಟ ಇಲ್ಲ ಅನ್ನುವ ಧೈರ್ಯ ಯಾರಿಗಿದೆ, ನೀವೇ ಹೇಳಿ.

2014ರ ಏಪ್ರಿಲ್ 19. ನಮ್ಮದೇ ಜಿಲ್ಲೆಯ ಶೃಂಗೇರಿ ತಾಲೂಕಿನ ತನಿಕೋಡು ಚೆಕ್‌ಪೋಸ್ಟು. ದನ ಸಾಗಿಸುತ್ತಿದ್ದ ಗಾಡಿಯಲ್ಲಿದ್ದ ಮಂಗಳೂರು ಕಡೆಯ ಮುಸ್ಲಿಂ ಯುವಕನೊಬ್ಬನನ್ನು ನಿಗ್ರಹ ಪಡೆಯವರು ಬೆಳಕು ಹರಿಯುವ ಮೊದಲೇ ಗುಂಡಿಟ್ಟು ಕೊಂದರು. ನಕ್ಸಲ ಅಂದುಕೊಂಡೆವು ಅಂದರು. ಕತ್ತಲೆಯಲ್ಲಿ ಓಡುವ ಬಡವನನ್ನು ಕಂಡಾಗ ಇವರಿಗೆ ಮೊದಲು ಹೊಳೆಯುವುದು ಗುಂಡು. ದನ ಸಾಗಿಸಿದ್ದು ತಪ್ಪೇ ಆಗಿದ್ದರೆ ಅದಕ್ಕೆ ಕೇಸಿದೆ, ಕೋರ್ಟಿದೆ, ದಂಡವಿದೆ. ಮರಣದಂಡನೆ ಕೊಡುವ ಅಧಿಕಾರ ಚೆಕ್‌ಪೋಸ್ಟಿಗೆ ಯಾವ ಕಾನೂನೂ ಕೊಟ್ಟಿಲ್ಲ.

ಇನ್ನೊಂದು ಹೆಸರನ್ನು ನೀವು ಮರೆಯಬಾರದು. ವಿಠಲ ಮಲೆಕುಡಿಯ. ಗುಡ್ಡದ ಆಚೆ ಬೆಳ್ತಂಗಡಿ ತಾಲೂಕಿನ ಕುತ್ಲೂರಿನವರು. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದರು, ನಿಮ್ಮ ಹಾಗೇ. 2012ರ ಮಾರ್ಚಿನಲ್ಲಿ ಅವರನ್ನೂ ಅವರ ತಂದೆಯನ್ನೂ ನಕ್ಸಲ್ ನಂಟು ಅಂತ ಹಿಡಿದರು. ಸಿಕ್ಕಿದ ಸಾಕ್ಷ್ಯ ಏನು? ಭಗತ್ ಸಿಂಗ್ ಬಗ್ಗೆ ಒಂದು ಪುಸ್ತಕ, ಪೇಪರ್ ತುಣುಕುಗಳು, ಊರಿಗೆ ಸೌಕರ್ಯ ಕೊಡುವ ತನಕ ಚುನಾವಣೆ ಬಹಿಷ್ಕರಿಸುತ್ತೇವೆ ಅನ್ನುವ ಕಾಗದ. ಯುಎಪಿಎ ಹಾಕಿದರು. ಮೂರು ತಿಂಗಳಿಗೂ ಹೆಚ್ಚು ಜೈಲು. 2021ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಅಪ್ಪ ಮಗ ಇಬ್ಬರನ್ನೂ ನಿರ್ದೋಷಿ ಅಂತ ಬಿಟ್ಟಿತು. ಪುಸ್ತಕ ಇಟ್ಟುಕೊಳ್ಳುವುದು ಅಪರಾಧ ಅಲ್ಲ ಅಂತ ಸಾಬೀತಾಗಲು ಒಂಬತ್ತು ವರ್ಷ. ನಿಮ್ಮ ಹಾಸ್ಟೆಲ್ ಟ್ರಂಕಿನಲ್ಲಿ ಏನೇನಿದೆ, ಒಮ್ಮೆ ಯೋಚನೆ ಮಾಡಿ.

ಗೆಳೆಯರೇ, ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ. ಕೂಚ್ ಬಿಹಾರದ ಬೇಲಿ, ಮಹದೇಶ್ವರ ಬೆಟ್ಟ, ತನಿಕೋಡು. ಭಾಷೆ ಬೇರೆ, ಸಮವಸ್ತ್ರ ಬೇರೆ. ನಡೆಯುವ ರೀತಿ ಒಂದೇ. ಮೊದಲು ಗೆರೆಯ ಪಕ್ಕದವನನ್ನು 'ಶಂಕಿತ' ಅನ್ನುತ್ತಾರೆ. ಹಾಗೆ ಅಂದ ಮೇಲೆ ಅವನು ನಾಗರಿಕನಾಗಿ ಉಳಿಯುವುದಿಲ್ಲ. ಆಮೇಲೆ ವಿಶೇಷ ಪಡೆ, ವಿಶೇಷ ಕಾಯ್ದೆ, ವಿಶೇಷ ಕೋರ್ಟು. ಕೊನೆಗೆ ಹೊಡೆದವರ ಇಲಾಖೆಯೇ ಹೊಡೆದದ್ದರ ವಿಚಾರಣೆ ಮಾಡುತ್ತದೆ. ಅಂಚಿನಲ್ಲಿ ಯಾರಿದ್ದಾರೆ ಅಂತ ನೋಡಿದರೆ, ಎಲ್ಲ ಕಡೆ ಬಡವರೇ, ದಲಿತರೇ, ಆದಿವಾಸಿಗಳೇ, ಮುಸ್ಲಿಮರೇ. ನಡು ಊರಿನಲ್ಲಿ ಜಾಗ ಕೊಡದೆ ಅಂಚಿಗೆ ನೂಕಿದವರು, ಅಂಚಿನಲ್ಲಿ ಯಾಕೆ ಇದ್ದೀಯ ಅಂತ ಈಗ ಹೊಡೆಯುತ್ತಾರೆ.

ಬಂದೂಕು ಹಿಡಿದವನನ್ನು ದ್ವೇಷ ಮಾಡಿ ಅಂತ ನಾವು ಹೇಳುತ್ತಿಲ್ಲ. ಕಾನ್‌ಸ್ಟೇಬಲ್ಲು, ಗಾರ್ಡು, ದಿನಗೂಲಿ ವಾಚರು, ಇವರಲ್ಲಿ ಎಷ್ಟೋ ಜನ ನಮ್ಮ ಕೇರಿಯವರೇ. ನಿಮ್ಮಲ್ಲೂ ಕೆಲವರು ನಾಳೆ ಆ ಕೆಲಸಕ್ಕೆ ಹೋಗುತ್ತೀರಿ, ಹೋಗಿ. ಆದರೆ ಶ್ರೀನಿವಾಸ್ ಅವರ ಹೆಸರು ನೆನಪಿಟ್ಟುಕೊಂಡು ಹೋಗಿ. ನಮ್ಮ ಜಗಳ ಲೆಕ್ಕ ಕೊಡಬೇಕಾಗಿಲ್ಲದ ಅಧಿಕಾರದ ಜೊತೆ.

ಲೆಕ್ಕ ಕೇಳಿದರೆ ಸಿಗುತ್ತದಾ? ಸಿಗುತ್ತದೆ, ತಡವಾಗಿ. ನಮ್ಮ ಗಡಿಯಾಚೆ ಧರ್ಮಪುರಿ ಜಿಲ್ಲೆಯಲ್ಲಿ ವಾಚಾತಿ ಅಂತ ಆದಿವಾಸಿ ಹಳ್ಳಿ. 1992ರ ಜೂನ್ 20ರಂದು ಗಂಧದ ಮರ ಹುಡುಕುತ್ತೇವೆ ಅಂತ ಅರಣ್ಯ, ಪೊಲೀಸು, ಕಂದಾಯ ಇಲಾಖೆಯವರು ಹಳ್ಳಿಗೆ ನುಗ್ಗಿದರು. ಮನೆ ಲೂಟಿ ಮಾಡಿದರು, ಜನರನ್ನು ಬಡಿದರು, 18 ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. ಏನೂ ನಡೆದಿಲ್ಲ ಅಂತ ಸರ್ಕಾರ ಹೇಳಿತು. ಆ ಹೆಂಗಸರು ಹೇಳಿದ ಮಾತನ್ನು ಬದಲಾಯಿಸಲಿಲ್ಲ. ಆಯೋಗದ ಮುಂದೆ ಹೇಳಿದರು, ಸಿಬಿಐ ಮುಂದೆ ಹೇಳಿದರು, ಕೋರ್ಟಿನಲ್ಲಿ ಹೇಳಿದರು. ಆರೋಪಿಗಳು 269 ಜನ. ವಿಚಾರಣೆ ಮುಗಿಯುವ ಹೊತ್ತಿಗೆ 54 ಜನ ಸತ್ತಿದ್ದರು. ಉಳಿದ 215 ಜನರಿಗೂ 2011ರ ಸೆಪ್ಟೆಂಬರ್ 29ರಂದು ಶಿಕ್ಷೆಯಾಯಿತು. 2023ರ ಅದೇ ದಿನ ಮದರಾಸು ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು. ಒಂದು ಹಳ್ಳಿಯ ಮೇಲೆ ಕೈ ಮಾಡಿದವರಲ್ಲಿ ಬದುಕಿದ್ದ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಆ ಹೆಂಗಸರು ಓದಿದವರಲ್ಲ. ಓದಿದ ನಾಲ್ಕು ಜನ ಅವರ ಜೊತೆ ನಿಂತು ಬರೆದುಕೊಂಡರು, ಅರ್ಜಿ ಹಾಕಿದರು.

ಅಲ್ಲಿಗೆ ನಿಮ್ಮ ಕೆಲಸಕ್ಕೆ ಬಂದೆವು. ತೋಟದಲ್ಲಿ ನಮ್ಮ ಹಾಜರಿ ಬರೆಯುವವನನ್ನು ಏನಂತಾರೆ? ರೈಟರು. ಠಾಣೆಯಲ್ಲಿ ನಮ್ಮ ಹೇಳಿಕೆ ಬರೆಯುವವನನ್ನು? ಅವನೂ ರೈಟರೇ. ನಮ್ಮ ದುಡಿಮೆಯನ್ನೂ ನಮ್ಮ ತಪ್ಪನ್ನೂ ಇಷ್ಟು ಕಾಲ ಅವರೇ ಬರೆದರು. ನಮ್ಮ ಕಡೆಯ ರೈಟರು ಯಾರು? ಹಾಸ್ಟೆಲಿನಲ್ಲಿ ಓದುತ್ತಿರುವ ನೀವು.

ಕೆಲವು ವಿಷಯ ಬಾಯಿಪಾಠ ಆಗಿರಲಿ. ಹಿಡಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಇದು ಬಾಬಾಸಾಹೇಬರ ಮುಂದಾಳತ್ವದಲ್ಲಿ ಬರೆದ ಸಂವಿಧಾನದ 22ನೇ ವಿಧಿ. ಹಿಡಿದವರು ಹೆಸರಿನ ಪಟ್ಟಿ ಧರಿಸಿರಬೇಕು, ಬಂಧನದ ಚೀಟಿ ಬರೆದು ಸಾಕ್ಷಿಯ ಸಹಿ ಹಾಕಿಸಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯಕೀಯ ತಪಾಸಣೆ ಮಾಡಿಸಬೇಕು ಅಂತ 1996ರಲ್ಲಿ ಡಿ. ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅರಣ್ಯ ಹಕ್ಕು ಕಾಯ್ದೆ 2006ರ 4(5)ನೇ ಕಲಂ ಪ್ರಕಾರ, ಹಕ್ಕಿನ ಅರ್ಜಿ ತೀರ್ಮಾನ ಆಗುವ ತನಕ ಕಾಡಿನವರನ್ನು ಒಕ್ಕಲೆಬ್ಬಿಸುವ ಹಾಗಿಲ್ಲ. ದಲಿತ, ಆದಿವಾಸಿಗಳ ಅರಣ್ಯ ಹಕ್ಕಿಗೆ ಅಡ್ಡಿ ಮಾಡುವುದು 2016ರಿಂದ ಜಾರಿಯಾದ ತಿದ್ದುಪಡಿಯಂತೆ ದೌರ್ಜನ್ಯ ತಡೆ ಕಾಯ್ದೆಯ ಕೆಳಗೂ ಅಪರಾಧ.

ಆ ಅರಣ್ಯ ಹಕ್ಕು ಕಾಯ್ದೆಯಲ್ಲಿ ನಮ್ಮ ಜನಕ್ಕೆ ಒಂದು ತೊಡಕಿದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿ ಇದ್ದದ್ದು ತೋರಿಸಿದರೆ ಸಾಕು. ಪರಿಶಿಷ್ಟ ಜಾತಿಯವರು 'ಇತರೆ ಪಾರಂಪರಿಕ ಅರಣ್ಯವಾಸಿ'. ಅವರು ಅದಕ್ಕೂ ಹಿಂದಿನ 75 ವರ್ಷ, ಮೂರು ತಲೆಮಾರು ತೋರಿಸಬೇಕು. ಅಂದರೆ 1930. ಆಗಿನ ಕಾಗದ ನಮ್ಮ ಯಾರ ಮನೆಯಲ್ಲಿದೆ? ಅಕ್ಷರ ಮುಟ್ಟಬೇಡ ಅಂದವರು ಈಗ ಅಕ್ಷರದ ಸಾಕ್ಷಿ ಕೇಳುತ್ತಾರೆ. ಆದರೆ ಅದೇ ಕಾಯ್ದೆಯ ನಿಯಮದಲ್ಲಿ ಒಂದು ದಾರಿಯೂ ಇದೆ. ಊರಿನ ಹಿರಿಯರು ಹೇಳಿದ ಮಾತನ್ನು ಬರಹಕ್ಕಿಳಿಸಿದರೆ ಅದು ಸಾಕ್ಷ್ಯ. ಹಳೆಯ ಬಾವಿ ಸಾಕ್ಷ್ಯ, ಸಮಾಧಿ ಸಾಕ್ಷ್ಯ, ದೇವರ ಬನ ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಬೇಕು ಅಷ್ಟೆ. ನಿಮ್ಮ ಅಜ್ಜಿಯನ್ನು ಹೂತ ಜಾಗ ಗುರುತಿಸಿ ಬರೆದರೆ ಅದೂ ಹಕ್ಕುಪತ್ರದ ಒಂದು ಹಾಳೆ.

ಆ ಕಾಲ ಕಂಡ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಒಂದೊಂದು ಮಳೆಗಾಲಕ್ಕೆ ಒಬ್ಬೊಬ್ಬರು ಕಡಿಮೆ ಆಗುತ್ತಾರೆ. ಅದಕ್ಕೇ ನಾವು ಕೇಳುವುದು ಇಷ್ಟು. ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ನೂರು ಪುಟದ ನೋಟ್‌ಪುಸ್ತಕ ತೆಗೆದುಕೊಂಡು ಹೋಗಿ. ಒಂದು ಭಾಗದಲ್ಲಿ ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ, ಊರು, ಬಾವಿ, ಗದ್ದೆ, ಸಮಾಧಿಯ ಹೆಸರಿನ ಸಮೇತ. ಕೆಳಗೆ ಅವರ ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿ, ತಾರೀಖು. ಇನ್ನೊಂದು ಭಾಗದಲ್ಲಿ ಗಾರ್ಡು, ಪೊಲೀಸು ಬಂದು ಹೊಡೆದದ್ದು, ಬೈದದ್ದು, ಸಾಮಾನು ಒಯ್ದದ್ದು ಇದ್ದರೆ ಬರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಜನ, ಯಾವ ಗಾಡಿ, ನೋಡಿದವರು ಯಾರು. ಕೇಳಿದ್ದನ್ನು ಕೇಳಿದ್ದು ಅಂತ, ಕಂಡದ್ದನ್ನು ಕಂಡದ್ದು ಅಂತ ಬೇರೆ ಬೇರೆ ಬರೆಯಿರಿ. ಒಂದು ಸುಳ್ಳು ಸೇರಿದರೆ ಹತ್ತು ನಿಜ ಸಾಯುತ್ತದೆ. ಬರೆಯುವುದಕ್ಕೆ ಮುಂಚೆ ಅವರ ಒಪ್ಪಿಗೆ ಕೇಳಿ, ಅವರು ಬೇಡ ಅಂದರೆ ಹೆಸರು ಬೇಡ. ಹೆಣ್ಣುಮಕ್ಕಳ ಸಂಗತಿಯನ್ನು ಹೆಣ್ಣುಮಕ್ಕಳೇ ಕೂತು ಕೇಳಲಿ.

ಎರಡು ಪ್ರತಿ ಮಾಡಿ. ಒಂದು ಮನೆಯಲ್ಲಿ, ಒಂದು ಬೇರೆ ಜಾಗದಲ್ಲಿ. ರಜೆ ಮುಗಿಸಿ ಬಂದ ಮೇಲೆ ಎಲ್ಲರೂ ಇಲ್ಲೇ ಸೇರೋಣ. ವಕೀಲರನ್ನು ಕರೆಸುವ ಹೊಣೆ ನಮ್ಮದು, ಪುಸ್ತಕ ತರುವ ಹೊಣೆ ನಿಮ್ಮದು. ಯಾವ ಹಾಡಿಯಿಂದ ಬಂತು, ಯಾವ ಹಾಡಿಯಿಂದ ಬರಲಿಲ್ಲ ಅಂತ ಅವತ್ತು ಹೆಸರು ಕೂಗಿ ಕೇಳುತ್ತೇವೆ.

ಜೈಭೀಮ್.